ಸೊಂಬ್ರೊಟ್ಟೊ ಮೇಲಿನ ಮೂರು ಆರೋಪಗಳು

ಅಮೆರಿಕದ ಅಂಚೆ ನೌಕರರ ನಾಯಕ ವಿನ್ಸೆಂಟ್ ಸೊಂಬ್ರೊಟ್ಟೊ ಕಾನೂನು ಮುರಿದವರು ಎನ್ನುತ್ತಾರೆ. ಹೌದು, ಮುಷ್ಕರ ಹೂಡಿ ಮುರಿದರು. 1970ರಲ್ಲಿ ಅಲ್ಲಿನ ಕೇಂದ್ರ ಸರಕಾರಿ ನೌಕರ ಮುಷ್ಕರ ಹೂಡಿದರೆ ಒಂದು ವರ್ಷ ಒಂದು ದಿನದವರೆಗೆ ಜೈಲು, ಸಾವಿರ ಡಾಲರ್‌ವರೆಗೆ ದಂಡ. ಆದರೆ ಸಂಬಳದ ಬಗ್ಗೆ ಸಂಘ ಮಾತುಕತೆಗೆ ಕೂರುವ ಹಾಗೂ ಇರಲಿಲ್ಲವಲ್ಲ! ಅದನ್ನು ತೀರ್ಮಾನಿಸುತ್ತಿದ್ದುದು ಅಲ್ಲಿನ ಸಂಸತ್ತು. ಹಿಂದಿನ ವರ್ಷ ತನ್ನ ಸದಸ್ಯರ ಸಂಬಳವನ್ನು ಶೇ. 41ರಷ್ಟು ಏರಿಸಿಕೊಂಡಿದ್ದ ಆ ಸಂಸತ್ತಿನ ಸಮಿತಿ ಅಂಚೆಯವರಿಗೆ ಒಪ್ಪಿದ್ದು ಶೇ. 5.4. ಕೆಲಸಕ್ಕೆ ಸೇರಿದಾಗ ವರ್ಷಕ್ಕೆ 6,176 ಡಾಲರ್. ಗರಿಷ್ಠ 8,442 ಮುಟ್ಟಲು 21 ವರ್ಷ ಸವೆಸಬೇಕು. ನ್ಯೂಯಾರ್ಕಿನಲ್ಲಿ ದಿನವಿಡೀ ಚೀಲ ಹೊತ್ತು ತಿರುಗುವವರ ಎಷ್ಟೋ ಸಂಸಾರಗಳಿಗೆ ಬಡವರಿಗೆಂದೇ ಇದ್ದ ಸರಕಾರಿ ನೆರವು ಪಡೆಯುವ ಅರ್ಹತೆಯಿತ್ತು. ಬಾಗಿಲೇ ಇಡದೆ ಮನೆ ಕಟ್ಟಿದವರು, ಗೋಡೆ ಹಾರಿದವನನ್ನು ಕಳ್ಳ ಎನ್ನುವುದು ಯಾವ ನ್ಯಾಯ?

ಅಮಾಯಕರನ್ನು ಕೆರಳಿಸಿ ಬೀದಿಗೆಳೆದರು ಎಂಬುದು ಇನ್ನೊಂದು ಮಾತು. ಇದನ್ನು ನಾನು ಖಂಡಿತ ಒಪ್ಪಲಾರೆ. ಮಾರ್ಚ್ 17ರ ರಾತ್ರಿ ಮ್ಯಾನ್‌ಹ್ಯಾಟನ್‌ನಲ್ಲಿ ಮುಷ್ಕರ ಹೂಡುವುದೆಂದು ಮತ ಹಾಕಿಯೇ ನಿರ್ಧಾರವಾಯಿತು: ಪರ 1,555, ವಿರುದ್ಧ 1,055. ಆಗ ಸೊಂಬ್ರೊಟ್ಟೊ ಸಂಘದ ಪದಾಧಿಕಾರಿಯೂ ಅಲ್ಲ; 1947ರಿಂದ ಕಾಗದ ಹಂಚುತ್ತಿದ್ದ ಒಬ್ಬ ಪೋಸ್ಟ್‌ಮನ್. ಕೆಲವೇ ದಿನಗಳಲ್ಲಿ ದೇಶದ ಉದ್ದಗಲಕ್ಕೆ ಸುಮಾರು 2 ಲಕ್ಷ ಮಂದಿ ಕೆಲಸ ಬಿಟ್ಟರು. ಇಷ್ಟು ಜನರ ಹೊಟ್ಟೆಯ ಉರಿ ಒಬ್ಬನ ಭಾಷಣದಿಂದ ಹುಟ್ಟುವುದಿಲ್ಲ. ದೇಶದ ಅಧ್ಯಕ್ಷ ನಿಕ್ಸನ್ ಸೈನಿಕರನ್ನು ಕಳಿಸಿ ಕಾಗದ ವಿಂಗಡಿಸಲು ಕೂರಿಸಿದರು. ಕೊನೆಗೆ ಆದದ್ದೇನು? ಮೊದಲು ಶೇ. 6, ಆಮೇಲೆ ಶೇ. 8 ಏರಿಕೆ, ಗರಿಷ್ಠ ಸಂಬಳಕ್ಕೆ 21ರ ಬದಲು 8 ವರ್ಷ. ಎಲ್ಲಕ್ಕಿಂತ ಮುಖ್ಯವಾಗಿ, ಸಂಬಳಕ್ಕಾಗಿ ಮಾತುಕತೆಗೆ ಕೂರುವ ಹಕ್ಕು.

ಎಡಪಂಥೀಯ ಗೆಳೆಯರ ದೂರು ಇದಕ್ಕೆ ತಿರುಗುಮುರುಗು. 1978ರಿಂದ 2002ರವರೆಗೆ ಸಂಘದ ರಾಷ್ಟ್ರೀಯ ಅಧ್ಯಕ್ಷರಾಗಿದ್ದವರು ಮತ್ತೆ ಮುಷ್ಕರ ಹೂಡಲಿಲ್ಲ, ಕುರ್ಚಿ ಸಿಕ್ಕ ಮೇಲೆ ತಣ್ಣಗಾದರು ಎಂದು. ಆದರೆ 1970ರ ಆಗಸ್ಟಿನ ಕಾನೂನು ಮಾತುಕತೆಯ ಹಕ್ಕು ಕೊಟ್ಟಿತು, ಒಪ್ಪಂದವಾಗದಿದ್ದರೆ ಪಂಚಾಯ್ತಿದಾರರ ತೀರ್ಪಿಗೆ ಬದ್ಧವಾಗುವ ದಾರಿಯನ್ನೂ ಕೊಟ್ಟಿತು. ಮುಷ್ಕರದ ನಿಷೇಧವನ್ನು ಮಾತ್ರ ತೆಗೆಯಲಿಲ್ಲ. 1981ರಲ್ಲಿ ಮುಷ್ಕರ ಹೂಡಿದ ವಿಮಾನ ಸಂಚಾರ ನಿಯಂತ್ರಕರಲ್ಲಿ 11,000ಕ್ಕೂ ಹೆಚ್ಚು ಮಂದಿಯನ್ನು ಆಗಿನ ದೇಶದ ಅಧ್ಯಕ್ಷ ರೇಗನ್ ಮನೆಗಟ್ಟಿದರು. ಅದಕ್ಕೆ ಕೆಲವೇ ದಿನ ಮುಂಚೆ ಸೊಂಬ್ರೊಟ್ಟೊ ಮೇಜಿನ ಮುಂದೆ ಕೂತೇ ಅಂಚೆಯವರಿಗೆ ಹೊಸ ಒಪ್ಪಂದ ತಂದಿದ್ದರು. ಆಗಸ್ಟಿನಲ್ಲಿ ಆ ನಿಯಂತ್ರಕರು ಕೆಲಸ ಹುಡುಕುತ್ತಿದ್ದಾಗ, ಇವರ ಜನ ಎಂದಿನಂತೆ ಚೀಲ ಹೆಗಲಿಗೇರಿಸಿ ಬೀದಿಗಿಳಿದಿದ್ದರು.