ಬಿಯರ್ ಮಗ್ಗೂ ನಮ್ಮ ಬ್ಯಾಡ್ಜೂ

ಡೆಟ್ರಾಯಿಟಿನಿಂದ ಒಂದೂವರೆ ಗಂಟೆ ದಾರಿಯ ಫ್ರಾಂಕೆನ್‌ಮುತ್, 1845ರಲ್ಲಿ ಬವೇರಿಯಾದಿಂದ ಬಂದವರು ಕಟ್ಟಿದ ಊರು. ಅಲ್ಲಿನ ಬವೇರಿಯನ್ ಹಬ್ಬ ನೋಡಿದವರು ನಮ್ಮಲ್ಲೂ ಇದ್ದಾರೆ. (ಹೋದದ್ದು ಊಟಕ್ಕೆ ಮಾತ್ರ ಎನ್ನುತ್ತಾರೆ, ನಂಬೋಣ!) ಮೂಲ ಹಬ್ಬ ಮ್ಯೂನಿಕ್ಕಿನ ಅಕ್ಟೋಬರ್‌ಫೆಸ್ಟ್. ನಮ್ಮ ದಸರೆಯಂತೆ ಅದಕ್ಕೂ ಅರಮನೆಯ ನಂಟು: 1810ರಲ್ಲಿ ಯುವರಾಜನ ಮದುವೆಯಿಂದ ಶುರುವಾದದ್ದು.

1978ರಿಂದ ಆ ಹಬ್ಬಕ್ಕೆ ವರ್ಷಕ್ಕೊಂದು ಅಧಿಕೃತ ಮಗ್ ಬರುತ್ತದೆ, ಮೇಲೆ ಆ ವರ್ಷದ ಪೋಸ್ಟರಿನ ಚಿತ್ರ. ಸಂಗ್ರಹಕಾರರು ಹುಡುಕುವುದು ಇದನ್ನೇ. ಗರಾಜ್ ಸೇಲಿನಲ್ಲಿ ಕಂಡರೆ ಮೊದಲು ಇಸವಿ ನೋಡಿ. ಆಮೇಲೆ ಸಂತೆಯಲ್ಲಿ ಮಡಕೆ ತಟ್ಟಿ ನೋಡುವಂತೆ ಬೆರಳಿನಿಂದ ತಟ್ಟಿ. ಠಣ್ ಎನ್ನದೆ ದಬ್ ಎಂದರೆ ಎಲ್ಲೋ ಬಿರುಕಿದೆ. ಲೋಹದ ಮುಚ್ಚಳವಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಆ ಮಾಸಲು ಬಣ್ಣಕ್ಕೇ ಬೆಲೆ.

ಇರಲಿ, ನಮ್ಮ ಹಬ್ಬಗಳ ಕುರುಹು? 2002ರ ಡೆಟ್ರಾಯಿಟ್, 2008ರ ಶಿಕಾಗೋ ಅಕ್ಕ ಸಮ್ಮೇಳನಗಳ ಬ್ಯಾಡ್ಜು, ಸ್ಮರಣ ಸಂಚಿಕೆ ನಿಮ್ಮ ಬೇಸ್‌ಮೆಂಟಿನಲ್ಲಿ ಉಳಿದಿವೆಯೇ? ಮನೆ ಬದಲಾಯಿಸುವಾಗ ಮೊದಲು ಕಸಕ್ಕೆ ಹೋಗುವುದು ಅವೇ. ಜರ್ಮನ್ ಅಜ್ಜನ ಮಗ್ಗಿಗಾದರೂ ಗಿರಾಕಿ ಸಿಗುತ್ತಾನೆ. ಕನ್ನಡ ಓದಲು ಬಾರದ ನಮ್ಮ ಮೊಮ್ಮಕ್ಕಳು ಆ ಬ್ಯಾಡ್ಜನ್ನು ಏನೆಂದು ಗುರುತಿಸಬೇಕು? ಹಿಂಬದಿಯಲ್ಲಿ ಇಂಗ್ಲಿಷಿನಲ್ಲಾದರೂ ಸರಿ, ಒಂದು ಸಾಲು ಬರೆದಿಡಿ: ಯಾವ ವರ್ಷ, ಯಾವ ಊರು, ಜೊತೆಗೆ ಯಾರ್ಯಾರಿದ್ದರು.