ನೋಂದಣಿ ತಂತ್ರಾಂಶ ಬದಲಾವಣೆ: ಹಿಂದಿರುಗುವ ದಾರಿಯೂ ಇರಲಿ

ತುಮಕೂರು: ಜಮೀನು ಮಾರುವವರು, ಕೊಳ್ಳುವವರು, ಸಾಕ್ಷಿದಾರರು ಒಂದೇ ದಿನ ಒಂದೆಡೆ ಸೇರುವುದು ಸುಲಭದ ಮಾತಲ್ಲ. ತುಮಕೂರು, ಗುಬ್ಬಿ, ಕುಣಿಗಲ್‌ನ ಉಪನೋಂದಣಾಧಿಕಾರಿ ಕಚೇರಿಗಳಿಗೆ ಹಾಗೆ ಬಂದವರಿಗೆ ‘ಸರ್ವರ್ ಇಲ್ಲ’ ಎಂಬ ಉತ್ತರ ದೊರೆತರೆ ನಷ್ಟವಾಗುವುದು ಒಂದು ದಿನದ ಕೂಲಿಯಷ್ಟೇ ಅಲ್ಲ. ಕರಾರಿನ ಗಡುವು ಮೀರಬಹುದು, ಬ್ಯಾಂಕ್ ಸಾಲ ಮುಂದಕ್ಕೆ ಹೋಗಬಹುದು. ಆದ್ದರಿಂದ ಬಳಕೆಯಲ್ಲಿರುವ ತಂತ್ರಾಂಶವನ್ನು ಬದಲಿಸುವುದು ಕೇವಲ ತಂತ್ರಜ್ಞರ ವಿಷಯವಲ್ಲ.

ರಾಜ್ಯದ ನೋಂದಣಿ ಮತ್ತು ಮುದ್ರಾಂಕ ಇಲಾಖೆಯು ಹಲವು ವರ್ಷ ಬಳಸಿದ ‘ಕಾವೇರಿ’ ತಂತ್ರಾಂಶದ ಸ್ಥಾನಕ್ಕೆ 2023ರಲ್ಲಿ ‘ಕಾವೇರಿ 2.0’ ಬಂದಿತು. ವಿವರ ತುಂಬುವುದು, ಶುಲ್ಕ ಪಾವತಿ, ಸಮಯ ನಿಗದಿ ಆನ್‌ಲೈನ್‌ನಲ್ಲಿ ಮುಗಿದು, ಭಾವಚಿತ್ರ ಹಾಗೂ ಹೆಬ್ಬೆರಳ ಗುರುತಿಗೆ ಮಾತ್ರ ಕಚೇರಿಗೆ ಬರುವ ವ್ಯವಸ್ಥೆ ಇದು. ಇದನ್ನು ಮೊದಲು ಕಲಬುರಗಿ ಜಿಲ್ಲೆಯ ಚಿಂಚೋಳಿ ಹಾಗೂ ಬೆಳಗಾವಿ ದಕ್ಷಿಣ ಕಚೇರಿಗಳಲ್ಲಿ ಪ್ರಾಯೋಗಿಕವಾಗಿ ಜಾರಿಗೊಳಿಸಿ, ಬಳಿಕ ಹಂತ ಹಂತವಾಗಿ ಉಳಿದೆಡೆಗೆ ವಿಸ್ತರಿಸಲಾಯಿತು. ಈ ಕ್ರಮ ಸರಿಯಾದದ್ದೇ.

ಚಾಲನೆಯಲ್ಲಿರುವ ತಂತ್ರಾಂಶದ ಕಡತಗಳ ಮೇಲೆಯೇ ಹೊಸತನ್ನು ಬರೆದರೆ ಅರ್ಧ ಹಳತು, ಅರ್ಧ ಹೊಸತು ಎಂಬ ಸ್ಥಿತಿ ಉಂಟಾಗಿ ಕೆಲಸ ನಡುವೆ ನಿಲ್ಲುವ ಅಪಾಯವಿದೆ. ಹೊಸ ಆವೃತ್ತಿಯನ್ನು ಪ್ರತ್ಯೇಕವಾಗಿ ಸ್ಥಾಪಿಸಿ, ಪರೀಕ್ಷಿಸಿ, ಹೊಸ ಅರ್ಜಿಗಳನ್ನಷ್ಟೇ ಅದರತ್ತ ತಿರುಗಿಸುವುದು ಸುರಕ್ಷಿತ ವಿಧಾನ. ಹಳೆಯದರಲ್ಲಿ ಆರಂಭವಾದ ಕೆಲಸ ಅಲ್ಲಿಯೇ ಮುಗಿಯಬೇಕು. ಕಂಪನಿ ನಾಟಕಗಳಲ್ಲಿ ಪರದೆಯ ಮುಂದೆ ಒಂದು ದೃಶ್ಯ ನಡೆಯುತ್ತಿರುವಾಗಲೇ ಹಿಂದೆ ಮತ್ತೊಂದು ದೃಶ್ಯದ ರಂಗಸಜ್ಜಿಕೆ ಸಿದ್ಧವಾಗುತ್ತಿತ್ತು. ಗುಬ್ಬಿ ವೀರಣ್ಣನವರ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹೆಚ್ಚು ಕಠಿಣವಾದದ್ದು ದತ್ತಾಂಶದ ಪ್ರಶ್ನೆ. ಹೊಸ ವ್ಯವಸ್ಥೆಯಲ್ಲಿ ಪತ್ರಗಳು ನೋಂದಣಿಯಾದ ಬಳಿಕ ದೋಷ ಕಂಡುಬಂದರೆ ಹಳೆಯದಕ್ಕೆ ಮರಳುವುದು ಹೇಗೆ? ಆ ಪತ್ರಗಳು ಹಳೆಯದರಲ್ಲಿ ಇರುವುದಿಲ್ಲ. ಇದಕ್ಕೆ ಉತ್ತರವನ್ನು ಬದಲಾವಣೆಗೆ ಮುನ್ನವೇ ಸಿದ್ಧಪಡಿಸಿಕೊಳ್ಳಬೇಕು.

ಇದನ್ನು ಕಡೆಗಣಿಸಿದರೆ ಆಗುವ ಅನಾಹುತಕ್ಕೆ ವಿದೇಶಗಳ ಉದಾಹರಣೆಗಳಿವೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಸಂಸ್ಥೆಯ 8 ಸರ್ವರ್‌ಗಳ ಪೈಕಿ ಒಂದರಲ್ಲಿ ಹಳೆಯ ತಂತ್ರಾಂಶವೇ ಉಳಿದುಹೋಗಿತ್ತು. ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ಗೂ ಅಧಿಕ ನಷ್ಟವಾಯಿತು. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಒಂದೇ ವಾರಾಂತ್ಯದಲ್ಲಿ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ವರ್ಗಾಯಿಸಲು ಹೋಗಿ ಲಕ್ಷಾಂತರ ಜನರನ್ನು ಸಂಕಷ್ಟಕ್ಕೆ ದೂಡಿತು. 2022ರಲ್ಲಿ ಅದಕ್ಕೆ 4.86 ಕೋಟಿ ಪೌಂಡ್ ದಂಡ ಬಿದ್ದಿತು.

ಜಿಲ್ಲೆಯ ಯಾವುದೇ ಕಚೇರಿಯಲ್ಲಿ ನೋಂದಣಿ ಮಾಡಿಸುವ ಅವಕಾಶ 2024ರ ಸೆಪ್ಟೆಂಬರ್ 2ರಿಂದ ರಾಜ್ಯದಾದ್ಯಂತ ಜಾರಿಯಾಗಿದೆ. ಗುಬ್ಬಿಯಲ್ಲಿ ದಟ್ಟಣೆಯಿದ್ದರೆ ಕುಣಿಗಲ್‌ಗೆ ಹೋಗಬಹುದು. ಆದರೆ ಎಲ್ಲ ಕಚೇರಿಗಳೂ ಒಂದೇ ತಂತ್ರಾಂಶವನ್ನು ಆಶ್ರಯಿಸಿರುವುದರಿಂದ ಅದೇ ಕೆಟ್ಟರೆ ಎಲ್ಲಿಗೆ ಹೋದರೂ ಪ್ರಯೋಜನವಿಲ್ಲ. 2025ರ ಆರಂಭದಲ್ಲಿ ಕಾವೇರಿ 2.0 ಮೇಲೆ ಸೈಬರ್ ದಾಳಿ ನಡೆದಾಗ ರಾಜ್ಯದ ಹಲವೆಡೆ ನೋಂದಣಿ ಅಸ್ತವ್ಯಸ್ತಗೊಂಡಿತ್ತು. ಅದು ಆವೃತ್ತಿ ಬದಲಾವಣೆಯಿಂದಾದ ತೊಂದರೆಯಲ್ಲ. ಆದರೆ ಒಂದೇ ವ್ಯವಸ್ಥೆಯ ಮೇಲಿನ ಅವಲಂಬನೆ ಎಷ್ಟೆಂಬುದನ್ನು ತೋರಿಸಿತು.

ತಂತ್ರಾಂಶ ಇಂದಲ್ಲ ನಾಳೆ ಮತ್ತೆ ಬದಲಾಗಲೇಬೇಕು. ಆಗ ದಿನಾಂಕವನ್ನು ಮುಂಚಿತವಾಗಿ ಪ್ರಕಟಿಸುವುದು, ಶುಲ್ಕ ಪಾವತಿಸಿ ಸಮಯ ಪಡೆದವರ ಕೆಲಸವನ್ನು ಮೊದಲು ಮುಗಿಸುವುದು, ಹಿಂದಿರುಗುವ ದಾರಿಯನ್ನು ತೆರೆದಿಡುವುದು ಅಗತ್ಯ. ಹೊಸ ತಂತ್ರಾಂಶದ ಯಶಸ್ಸನ್ನು ಉದ್ಘಾಟನೆಯ ದಿನದ ಭಾಷಣದಿಂದ ಅಳೆಯಲಾಗದು. ಅಂದು ಕಚೇರಿಗೆ ಬಂದವರು ಪತ್ರ ಹಿಡಿದು ಊರಿಗೆ ಮರಳಿದರೇ ಎಂಬುದೇ ಅದರ ಅಳತೆಗೋಲು.