ಕೈಗಳನ್ನು ಕಳೆದುಕೊಂಡ ಗಣಿತಜ್ಞ

ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಒಬ್ಬ ಪ್ರಾಧ್ಯಾಪಕನಿದ್ದನು. ಪ್ರತಿದಿನ ಬೆಳಿಗ್ಗೆ ಶಿಷ್ಯನೊಬ್ಬನು ಬಂದು, ಗುರುವಿನ ಕರಿಯ ಗವಸು ತೊಟ್ಟ ಕೃತಕ ಕೈಗೆ ಸೀಮೆಸುಣ್ಣದ ತುಂಡನ್ನು ಸಿಕ್ಕಿಸುವನು. ಸಂಜೆ ಅದನ್ನು ತೆಗೆಯುವನು. ಆ ಕೈಯಿಂದಲೇ ಅವನು ಹಲಗೆಯ ಮೇಲೆ ಬರೆದು ಒಂದು ಪೀಳಿಗೆಯನ್ನು ಬೆಳೆಸಿದನು. ಅವನೇ ಸಾಲಮನ್ ಲೆಫ್ಶೆಟ್ಸ್.

1884ರಲ್ಲಿ ಮಾಸ್ಕೋದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಬೆಳೆದ ಲೆಫ್ಶೆಟ್ಸನು ಎಂಜಿನಿಯರನಾಗಿ 1905ರಲ್ಲಿ ಅಮೆರಿಕೆಗೆ ಹೋದನು. ಎರಡು ವರ್ಷ ಕಳೆಯಿತು. ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್ ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರೊಂದು ಸಿಡಿದು, ಇಪ್ಪತ್ತಮೂರರ ತರುಣನ ಎರಡು ಕೈಗಳೂ ಹೋದವು. ಯಂತ್ರವಿದ್ಯೆಯ ಬಾಗಿಲು ಮುಚ್ಚಿತು. ಅವನು ಗಣಿತದ ಕಡೆಗೆ ತಿರುಗಿ, 1911ರಲ್ಲಿ ಕ್ಲಾರ್ಕ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದನು.

ದೊರೆತ ಉದ್ಯೋಗಗಳಾದರೋ ದೂರದ ನೆಬ್ರಾಸ್ಕದಲ್ಲಿ, ಅನಂತರ ಕ್ಯಾನ್ಸಸ್ಸಿನಲ್ಲಿ. ತನ್ನ ಸಂಶೋಧನೆಯನ್ನು ಕುರಿತು ಮಾತನಾಡಬಲ್ಲ ಸಂಗಾತಿಗಳು ಅಲ್ಲಿರಲಿಲ್ಲ. ಆ ಏಕಾಂತದಲ್ಲಿಯೇ ಅವನ ಶ್ರೇಷ್ಠ ಕಾರ್ಯ ನಡೆಯಿತು.

ಅದೇನೆಂದು ಸ್ಥೂಲವಾಗಿ ಹೇಳಬಹುದು. ಹಸಿಮಣ್ಣಿನ ಬಳೆಯೊಂದನ್ನು ಹರಿಯದೆ, ಅಂಟಿಸದೆ ಎಷ್ಟು ಹಿಗ್ಗಿಸಿದರೂ ಕುಗ್ಗಿಸಿದರೂ ಅದರ ತೂತು ಹೋಗದು. ಆಕಾರ ಮಾರ್ಪಟ್ಟರೂ ಅಳಿಯದ ಇಂಥ ಗುಣಗಳನ್ನು ವಿಚಾರಿಸುವುದು ಟಾಪಾಲಜಿ. ಆ ವಿಚಾರಕ್ಕೆ ಬೀಜಗಣಿತವನ್ನು ಸಾಧನವಾಗಿಸಿದರೆ ಬೀಜೀಯ ಟಾಪಾಲಜಿ. ಸಮೀಕರಣಗಳಿಂದ ಹುಟ್ಟುವ ಮೇಲ್ಮೈಗಳಿಗೆ ಲೆಫ್ಶೆಟ್ಸನು ಈ ಶಾಸ್ತ್ರವನ್ನು ಹೊಂದಿಸಿದನು. 1919ರಲ್ಲಿ ಪ್ಯಾರಿಸ್ ಅಕಾಡೆಮಿಯ ಬೋರ್ಡಿನ್ ಪಾರಿತೋಷಕ ಅವನನ್ನು ಹುಡುಕಿಕೊಂಡು ಬಂದಿತು. 1924ರಲ್ಲಿ ಪ್ರಿನ್ಸ್‌ಟನ್ ಕರೆಯಿತು.

1926ರಲ್ಲಿ ಪ್ರಕಟವಾದ ಅವನ ಪ್ರಮೇಯವೊಂದು ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಆಕೃತಿಯೊಂದರ ಬಿಂದುಗಳೆಲ್ಲವನ್ನೂ ಅದರೊಳಗೇ, ಹರಿಯದಂತೆ, ಸ್ಥಾನಪಲ್ಲಟ ಮಾಡಿದಾಗ ಯಾವುದಾದರೂ ಬಿಂದು ಇದ್ದಲ್ಲೇ ಉಳಿಯುವುದೆ? ಇದಕ್ಕೆ ಅವನು ಒಂದು ಸಂಖ್ಯೆಯನ್ನು ಕಂಡುಹಿಡಿದನು. ಅದು ಸೊನ್ನೆಯಲ್ಲದಿದ್ದರೆ ಒಂದು ಬಿಂದುವಾದರೂ ಕದಲದೆ ನಿಂತಿರಲೇಬೇಕು.

1930ರಲ್ಲಿ ಬಂದ ಅವನ ಗ್ರಂಥದಿಂದಾಗಿ ‘ಟಾಪಾಲಜಿ’ ಎಂಬ ಹೆಸರೇ ಇಂಗ್ಲಿಷಿನಲ್ಲಿ ನೆಲೆಯೂರಿತು. ‘ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ ಪತ್ರಿಕೆಯನ್ನು ಅವನು 1928ರಿಂದ ಮೂವತ್ತು ವರ್ಷ ಸಂಪಾದಿಸಿ, ಜಗತ್ತಿನ ಅಗ್ರಪಂಕ್ತಿಗೆ ತಂದನು. 1972ರಲ್ಲಿ ತೀರಿಕೊಂಡನು.

ತರುಣ ವಿಜ್ಞಾನಿಗೆ ದೀಪಸ್ತಂಭದ ಕಾವಲುಗಾರನ ಕೆಲಸ ಒಳ್ಳೆಯದೆಂದು ಐನ್‌ಸ್ಟೈನ್ ಹೇಳಿದ್ದುಂಟು. ಕ್ಯಾನ್ಸಸ್ಸಿನಲ್ಲಿ ತನಗೆ ದೊರೆತದ್ದು ಅಂಥದೇ ಎಂದು ಮುದುಕನಾದ ಲೆಫ್ಶೆಟ್ಸನು ನೆನೆದನು. ದೊಡ್ಡ ಊರಿನಲ್ಲಿ ಕೆಲಸ ಸಿಗಲಿಲ್ಲವೆಂದು ಕೊರಗುವ ತರುಣ ಮಿತ್ರರು ನನಗೆ ಅನೇಕರು, ನಾನೂ ಕೊರಗಿದವನೇ. ಆಗೆಲ್ಲ ಆ ಕರಿಯ ಗವಸಿನ ಕೈಯ ನೆನಪಾಗಿ ನಾಚಿಕೆಯಾಗುತ್ತದೆ.